ಕೆಲಸ ದೇಶ ದಾಟಿದಾಗ ನಷ್ಟ ಯಾರ ಪಾಲಿಗೆ? ಸಾಗರೋತ್ತರ ಹೊರಗುತ್ತಿಗೆ ಮತ್ತು ತಂತ್ರಜ್ಞಾನ ನೌಕರರು

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಂತೆ 2000ನೇ ಇಸವಿಯಲ್ಲಿ ಆ ದೇಶದಲ್ಲಿ ‘ಕಂಪ್ಯೂಟರ್ ಪ್ರೋಗ್ರಾಮರ್’ ಹುದ್ದೆಯಲ್ಲಿದ್ದವರು ಐದು ಲಕ್ಷಕ್ಕೂ ಹೆಚ್ಚು. 2023ರ ಹೊತ್ತಿಗೆ ಆ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಅದೇ ಇಲಾಖೆಯ ಪಟ್ಟಿಯಲ್ಲಿ ‘ಸಾಫ್ಟ್‌ವೇರ್ ಡೆವಲಪರ್’ ಎಂಬ ಸಾಲಿನಲ್ಲಿ 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಉದ್ಯೋಗಗಳಿದ್ದವು, ಮತ್ತು ಆ ಸಂಖ್ಯೆ ಎರಡು ದಶಕಗಳಲ್ಲಿ ಬಹಳ ಬೆಳೆದಿತ್ತು. ಮೊದಲ ಸಾಲನ್ನಷ್ಟೇ ಓದಿದವರು ಹೊರಗುತ್ತಿಗೆ ಅಮೆರಿಕದ ತಂತ್ರಜ್ಞಾನ ಉದ್ಯೋಗಗಳನ್ನು ನುಂಗಿಹಾಕಿತು ಎನ್ನುತ್ತಾರೆ. ಎರಡನೆಯದನ್ನಷ್ಟೇ ಓದಿದವರು ಹಾಗೇನೂ ಆಗಿಲ್ಲ, ಉದ್ಯೋಗ ಹೆಚ್ಚಿದೆ ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದ ಈ ವಾದ ಹೀಗೇ ಸಾಗಿದೆ. ಎರಡೂ ಸಾಲುಗಳನ್ನು ಒಟ್ಟಿಗೆ ಓದಿದಾಗ ಮಾತ್ರ ನಿಜವಾಗಿ ಏನಾಯಿತು ಎಂಬುದು ಗೋಚರಿಸುತ್ತದೆ.

ಹುದ್ದೆಗಳ ವರ್ಗೀಕರಣ ಆಗಾಗ ಬದಲಾದದ್ದೂ ಈ ಏರಿಳಿತಕ್ಕೆ ಒಂದು ಕಾರಣ ಎಂಬುದನ್ನು ಮರೆಯಬಾರದು. ಆದರೆ ಅದಷ್ಟೇ ಕಾರಣವಲ್ಲ. ಪ್ರೋಗ್ರಾಮರ್ ಎಂದರೆ ಬೇರೊಬ್ಬರು ಬರೆದುಕೊಟ್ಟ ವಿವರದಂತೆ ಕೋಡ್ ಬರೆಯುವವನು. ಡೆವಲಪರ್ ಎಂದರೆ ಏನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಗ್ರಾಹಕರೊಡನೆ ಕೂತು ನಿರ್ಧರಿಸುವುದರಲ್ಲಿ ಪಾಲು ಇರುವವನು. 2023ರಲ್ಲಿ ಮೊದಲನೆಯವರ ಮಧ್ಯಮ ವಾರ್ಷಿಕ ವೇತನ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಕಡಿಮೆ ಪಡೆಯುವ ಮೊತ್ತ) ಒಂದು ಲಕ್ಷ ಡಾಲರ್‌ಗೆ ತುಸು ಕಡಿಮೆ, ಎರಡನೆಯವರದು 1.32 ಲಕ್ಷ ಡಾಲರ್. ಕಾಗದದ ಮೇಲೆ ಪೂರ್ತಿಯಾಗಿ ವಿವರಿಸಿ ದೂರದವರ ಕೈಗೆ ಕೊಡಬಹುದಾದ ಕೆಲಸ ಹೋಯಿತು, ಹಾಗೆ ವಿವರಿಸಲು ಆಗದ ಕೆಲಸ ಉಳಿಯಿತು ಮತ್ತು ಬೆಳೆಯಿತು. ನಮ್ಮ ಊರುಗಳ ದರ್ಜಿ ಅಂಗಡಿಯಲ್ಲೂ ಅಳತೆ ತೆಗೆದು ಬಟ್ಟೆ ಕತ್ತರಿಸುವ ಕೆಲಸವನ್ನು ಮಾಸ್ಟರ್ ತನ್ನಲ್ಲೇ ಇಟ್ಟುಕೊಂಡು, ಹೊಲಿಗೆಯನ್ನು ಹೊರಗಿನವರಿಗೆ ಪೀಸಿನ ಲೆಕ್ಕದಲ್ಲಿ ಕೊಡುತ್ತಾನೆ. ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಇಲ್ಲೂ ಮುಖ್ಯವಾದದ್ದು: ಕಾಜಾ, ಗುಂಡಿ, ಅಂಚು ಮಡಿಸುವ ಕೆಲಸವೆಲ್ಲ ಹೊರಗೆ ಹೋದ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗ ಎಲ್ಲಿಂದ ಶುರುಮಾಡಬೇಕು?

ಇಂಥ ಕೆಲಸ ದೇಶ ದಾಟುವುದು ಸಾಧ್ಯವಾದದ್ದು ಒಂದೇ ದಿನದಲ್ಲಿ ಅಲ್ಲ. ಅಮೆರಿಕದ ಚಿಪ್ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಾಗ ದತ್ತಾಂಶ ಕಳಿಸಲು ತನ್ನದೇ ಉಪಗ್ರಹ ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕಾಯಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಎಂಬ ಸರ್ಕಾರಿ ಸಂಸ್ಥೆ ಸ್ಥಾಪನೆಯಾದ ಮೇಲೆ ಆ ಸಂಪರ್ಕ ಸಣ್ಣ ಕಂಪನಿಗಳಿಗೂ ಬಾಡಿಗೆಗೆ ದೊರೆಯಿತು. ರಫ್ತಿನ ಲಾಭಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು. ತೊಂಬತ್ತರ ದಶಕದ ಕೊನೆಯಲ್ಲಿ ವೈ2ಕೆ ಬಂತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಪ್ರೋಗ್ರಾಮುಗಳು 2000ನೇ ಇಸವಿಯನ್ನು 1900 ಎಂದು ತಿಳಿಯುವ ಅಪಾಯವಿತ್ತು, ಮತ್ತು ಬ್ಯಾಂಕು, ವಿಮಾ ಕಂಪನಿಗಳ ಕೋಟ್ಯಂತರ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಬೇಕಿತ್ತು. ಬೇಸರದ ಕೆಲಸ, ಆದರೆ ಎಲ್ಲಿ ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಬಹುದಾದ ಕೆಲಸ. ಅದನ್ನು ಮುಗಿಸುವಷ್ಟರಲ್ಲಿ ಭಾರತೀಯ ಕಂಪನಿಗಳಿಗೆ ಅಮೆರಿಕದ ದೊಡ್ಡ ಸಂಸ್ಥೆಗಳ ಒಳಗಿನ ವ್ಯವಸ್ಥೆಯೆಲ್ಲ ಪರಿಚಯವಾಗಿತ್ತು. ಬೆನ್ನಿಗೇ ಡಾಟ್‌ಕಾಮ್ ಕುಸಿತವಾಗಿ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರುಗಳು ನೆಲಕಚ್ಚಿ, ಗ್ರಾಹಕರು ಖರ್ಚು ಕಡಿತಕ್ಕೆ ದಾರಿ ಹುಡುಕತೊಡಗಿದರು. ಭರಾಟೆಯ ದಿನಗಳಲ್ಲಿ ಮಿತಿಮೀರಿ ಹಾಕಿದ್ದ ಸಮುದ್ರದಡಿಯ ಕೇಬಲ್‌ಗಳ ಬಾಡಿಗೆ ಅದೇ ಹೊತ್ತಿಗೆ ಇಳಿಯಿತು.

ಲೆಕ್ಕ ಸರಳವಾಗಿತ್ತು. ಒಂದು ತಂಡದ ಕೆಲವರು ಆನ್‌ಸೈಟ್, ಅಂದರೆ ಗ್ರಾಹಕನ ಕಚೇರಿಯಲ್ಲಿ. ಉಳಿದ ಬಹುಪಾಲು ಜನ ಆಫ್‌ಶೋರ್, ಅಂದರೆ ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ. ಆನ್‌ಸೈಟ್ ಎಂಜಿನಿಯರನ ಬಿಲ್ಲಿಂಗ್ ದರ, ಅಂದರೆ ಗ್ರಾಹಕನಿಂದ ವಸೂಲು ಮಾಡುವ ದರ, ಆಫ್‌ಶೋರ್ ದರದ ಎರಡು ಮೂರು ಪಟ್ಟು ಇರುತ್ತಿದ್ದುದರಿಂದ, ಎಷ್ಟು ಹೆಚ್ಚು ಜನರನ್ನು ಆಫ್‌ಶೋರ್‌ಗೆ ಸರಿಸಲಾಗುತ್ತದೋ ಅಷ್ಟು ಉಳಿತಾಯ. ಆದರೆ ಸಂಬಳದ ವ್ಯತ್ಯಾಸವೆಲ್ಲ ಉಳಿತಾಯವಾಗಿ ಕೈಗೆ ಬರುವುದಿಲ್ಲ. ಅಮೆರಿಕದ ಪೂರ್ವ ಕರಾವಳಿಗೂ ಭಾರತಕ್ಕೂ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಗಳ ಅಂತರವಿದೆ. ಸಂಜೆ ಕೇಳಿದ ಸಣ್ಣ ಪ್ರಶ್ನೆಗೆ ಉತ್ತರ ಮರುದಿನ ಬರುತ್ತದೆ, ತಪ್ಪಾಗಿ ಅರ್ಥವಾದದ್ದನ್ನು ಮತ್ತೆ ಮಾಡಬೇಕಾಗುತ್ತದೆ, ಕೆಲಸ ಕಲಿತವರು ಒಂದೆರಡು ವರ್ಷದಲ್ಲಿ ಬೇರೆ ಕಂಪನಿಗೆ ಹೋಗುತ್ತಾರೆ. ಈ ಖರ್ಚುಗಳು ಮಾತುಕತೆ ಹೆಚ್ಚು ಬೇಡುವ ಕೆಲಸಕ್ಕೆ ದುಬಾರಿ, ಮಾತುಕತೆ ಬೇಡದ ಕೆಲಸಕ್ಕೆ ಅಗ್ಗ. ಹೀಗಾಗಿ ಮೊದಲು ಹೋದದ್ದು ಟೆಸ್ಟಿಂಗ್, ಹಳೆಯ ಸಾಫ್ಟ್‌ವೇರಿನ ನಿರ್ವಹಣೆ, ಸರ್ವರ್‌ಗಳ ಮೇಲ್ವಿಚಾರಣೆ, ಹೆಲ್ಪ್‌ಡೆಸ್ಕ್.

ಎಷ್ಟು ಉದ್ಯೋಗಗಳು ಹೀಗೆ ಹೋದವು? ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ 2002ರಲ್ಲಿ, 2015ರೊಳಗೆ 33 ಲಕ್ಷ ಸೇವಾ ವಲಯದ ಉದ್ಯೋಗಗಳು ಅಮೆರಿಕದಿಂದ ಹೊರಹೋಗುತ್ತವೆ ಎಂದು ಅಂದಾಜಿಸಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಹಡಗಿನಲ್ಲಿ ಬರುವ ಸರಕಿಗೆ ಸುಂಕದ ಕಟ್ಟೆಯಲ್ಲಿ ಲೆಕ್ಕವಿದೆ. ತಂತಿಯ ಮೂಲಕ ಹೋಗುವ ಕೆಲಸಕ್ಕೆ ಅಂಥ ಲೆಕ್ಕವಿಲ್ಲ. ಸರ್ಕಾರದ ದತ್ತಾಂಶದಿಂದ ಸೇವೆಗಳ ಹೊರಗುತ್ತಿಗೆಯ ಬಗ್ಗೆ ತಿಳಿಯುವುದು ಬಹಳ ಸೀಮಿತ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯೇ 2004ರಲ್ಲಿ ವರದಿ ಮಾಡಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥ ಗ್ರೆಗರಿ ಮ್ಯಾನ್ಕಿವ್, ಹೊರಗುತ್ತಿಗೆಯೂ ಅಂತರರಾಷ್ಟ್ರೀಯ ವ್ಯಾಪಾರದ ಒಂದು ಹೊಸ ರೂಪವಷ್ಟೇ, ದೀರ್ಘಾವಧಿಯಲ್ಲಿ ದೇಶದ ಆರ್ಥಿಕತೆಗೆ ಅದು ಬಹುಶಃ ಲಾಭವೇ ಎಂಬ ಅರ್ಥದ ಮಾತನ್ನಾಡಿ ಎರಡೂ ಪಕ್ಷಗಳವರ ಸಿಟ್ಟಿಗೆ ಗುರಿಯಾದರು.

ಅರ್ಥಶಾಸ್ತ್ರದ ದೃಷ್ಟಿಯಿಂದ ಮ್ಯಾನ್ಕಿವ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಫ್ಟ್‌ವೇರ್ ಅಗ್ಗವಾದರೆ ಅದನ್ನು ಬಳಸುವವರು ಹೆಚ್ಚುತ್ತಾರೆ, ಬಳಕೆ ಹೆಚ್ಚಿದರೆ ಹೊಸ ಕೆಲಸ ಹುಟ್ಟುತ್ತದೆ. ಡೆವಲಪರ್ ಸಾಲಿನ ಏರಿಕೆಯ ಹಿಂದೆ ಈ ಸಂಗತಿಯೂ ಇದೆ. ಆದರೆ ಆ ಲೆಕ್ಕ ದೇಶದ್ದು. ನಲವತ್ತೆಂಟನೆಯ ವಯಸ್ಸಿನಲ್ಲಿ ವಿಮಾ ಕಂಪನಿಯೊಂದರ ಕೋಬಾಲ್ ವಿಭಾಗದಿಂದ ಹೊರಬಿದ್ದವನಿಗೂ ಬೇರೆ ರಾಜ್ಯದಲ್ಲಿ ಹೊಸದಾಗಿ ಹುಟ್ಟಿದ ಕೆಲಸಕ್ಕೆ ಸೇರಿದ ಇಪ್ಪತ್ತಾರರ ಯುವತಿಗೂ ಯಾವ ಸಂಬಂಧವೂ ಇಲ್ಲ. ಸರಾಸರಿಯಲ್ಲಿ ಮಾತ್ರ ಒಬ್ಬರ ನಷ್ಟವನ್ನು ಇನ್ನೊಬ್ಬರ ಗಳಿಕೆ ತುಂಬಿಕೊಡುತ್ತದೆ. ಬಹಳ ವರ್ಷ ಒಂದೇ ಕಡೆ ದುಡಿದು ಕೆಲಸ ಕಳೆದುಕೊಂಡವರ ಬಗ್ಗೆ ಜೇಕಬ್‌ಸನ್, ಲಲಾಂಡ್, ಸಲಿವನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಪೆನ್ಸಿಲ್ವೇನಿಯದ ನೌಕರರ ದಾಖಲೆಗಳನ್ನು ಆಧರಿಸಿತ್ತು. ಹೊಸ ಕೆಲಸ ಸಿಕ್ಕ ಮೇಲೂ, ಐದಾರು ವರ್ಷಗಳು ಕಳೆದ ಮೇಲೂ, ಅವರ ಗಳಿಕೆ ಮೊದಲಿಗಿಂತ ಸುಮಾರು ಕಾಲು ಭಾಗದಷ್ಟು ಕಡಿಮೆ ಇತ್ತು. ಅವರು ಸಾಫ್ಟ್‌ವೇರಿನವರಲ್ಲ. ಆದರೂ ಒಂದೇ ಸಂಸ್ಥೆಯ ವ್ಯವಸ್ಥೆಯ ಬಗೆಗಿನ ಆಳವಾದ ತಿಳಿವಳಿಕೆಗೆ ಹೊರಗೆ ಬೆಲೆಯಿಲ್ಲದಂತಾಗುವ ಕಷ್ಟ ಐಟಿ ನೌಕರರಿಗೆ ಇನ್ನೂ ತೀಕ್ಷ್ಣವಾಗಿ ತಟ್ಟುತ್ತದೆ ಎಂದು ನಾನು ನಂಬುತ್ತೇನೆ.

ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್ 2006ರಲ್ಲಿ ಈ ಚರ್ಚೆಗೆ ಇನ್ನೊಂದು ತಿರುವು ಕೊಟ್ಟರು. ಓದು ಹೆಚ್ಚಿದ್ದರೆ ಕೆಲಸ ಭದ್ರ ಎಂಬ ನಂಬಿಕೆಯನ್ನು ಅವರು ಪ್ರಶ್ನಿಸಿದರು. ಗುಣಮಟ್ಟ ಕೆಡದಂತೆ ತಂತಿಯ ಮೂಲಕ ಸಾಗಿಸಬಹುದಾದ ಕೆಲಸ ಹೋಗುತ್ತದೆ, ಎದುರೆದುರೇ ಇದ್ದು ಮಾಡಬೇಕಾದದ್ದು ಉಳಿಯುತ್ತದೆ. ಹೀಗಾಗಿ ಟ್ಯಾಕ್ಸಿ ಚಾಲಕನಿಗಿಂತ ಪ್ರೋಗ್ರಾಮರನ ಕೆಲಸಕ್ಕೇ ಅಪಾಯ ಹೆಚ್ಚು ಎಂಬುದು ಅವರ ವಾದದ ತಿರುಳು. ಅಮೆರಿಕದ ಉದ್ಯೋಗಗಳಲ್ಲಿ ಶೇ 22ರಿಂದ 29ರಷ್ಟು ಹೀಗೆ ಸಾಗಿಸಬಹುದಾದವು ಎಂದು 2007ರಲ್ಲಿ ಅವರು ಅಂದಾಜಿಸಿದರು. ಸಾಗಿಸಬಹುದು ಎಂದರು, ಸಾಗಿಹೋಗುತ್ತವೆ ಎನ್ನಲಿಲ್ಲ. ಸುದ್ದಿಯಲ್ಲಿ ಈ ಎರಡರ ವ್ಯತ್ಯಾಸ ಹೆಚ್ಚಾಗಿ ಮಾಯವಾಯಿತು.

ಅಂಕಿಗಳಿಗಿಂತ ಆಳವಾಗಿ ಅಮೆರಿಕದ ನೌಕರರನ್ನು ಕಲಕಿದ್ದು ಕೆಲಸ ಹೋದ ಬಗೆ. ಈ ಉದ್ಯಮದಲ್ಲಿ ಕೆ.ಟಿ. ಎಂದರೆ ಎಲ್ಲರಿಗೂ ಗೊತ್ತು, ನಾಲೆಡ್ಜ್ ಟ್ರಾನ್ಸ್‌ಫರ್. ಹೊಸ ತಂಡ ಬಂದು ಹಳೆಯ ನೌಕರರ ಪಕ್ಕದಲ್ಲಿ ಕೂತು, ಅವರ ಪರದೆಯನ್ನು ನೋಡುತ್ತ, ಪ್ರಶ್ನೆ ಕೇಳುತ್ತ, ದಾಖಲೆ ಬರೆದುಕೊಳ್ಳುತ್ತ ಕೆಲವು ವಾರ ಕಳೆಯುತ್ತದೆ. ಆಮೇಲೆ ತಾನೇ ಕೆಲಸ ಮಾಡಿ ತೋರಿಸುತ್ತದೆ, ಹಳಬರು ನೋಡಿ ತಿದ್ದುತ್ತಾರೆ. ಕೊನೆಗೆ ಹಳಬರು ಹೊರಡುತ್ತಾರೆ. ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಎಂಬ ವಿದ್ಯುತ್ ಕಂಪನಿಯು ತನ್ನ ಐಟಿ ಕೆಲಸವನ್ನು ಟಿಸಿಎಸ್ ಮತ್ತು ಇನ್ಫೋಸಿಸ್‌ಗೆ ವಹಿಸಿದ್ದರಿಂದ 2014–15ರಲ್ಲಿ ಸುಮಾರು 500 ಮಂದಿ ಹೊರನಡೆದರು. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸುಮಾರು 250 ಐಟಿ ನೌಕರರಿಗೆ 2014ರ ಅಕ್ಟೋಬರ್‌ನಲ್ಲಿ ನೋಟಿಸು ಬಂದು, ಹೊರಡುವ ಮೊದಲು ಹಲವರು ತಮ್ಮ ಜಾಗಕ್ಕೆ ಬಂದವರಿಗೇ ಕೆಲಸ ಕಲಿಸಬೇಕಾಯಿತು. ತನ್ನ ಕೆಲಸವನ್ನು ಕಿತ್ತುಕೊಳ್ಳುವ ತರಬೇತಿಗೆ ತಾನೇ ಮೇಷ್ಟ್ರಾಗುವುದು ಎಂಥ ಅವಮಾನ ಎಂಬುದನ್ನು ಅವರಲ್ಲಿ ಕೆಲವರು ಬಹಿರಂಗವಾಗಿ ಹೇಳಿಕೊಂಡರು. ಒಬ್ಬರು 2016ರಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಡಿಸ್ನಿ ನೌಕರರು ಹೂಡಿದ್ದ ದಾವೆಯನ್ನು ಫೆಡರಲ್ ನ್ಯಾಯಾಲಯ ಅದೇ ವರ್ಷ ವಜಾ ಮಾಡಿತು.

ಹೀಗೆ ಕೆಲಸಕ್ಕೆ ಬರುವ ವಿದೇಶಿಯರಿಗೆ ಅಮೆರಿಕ ಕೊಡುವ ಎಚ್‌-1ಬಿ ವೀಸಾ ಇರುವುದು ಕೊರತೆಯಿರುವ ಕೌಶಲಗಳಿಗಾಗಿ ಎಂದೇ ಬಹುಜನರ ತಿಳಿವಳಿಕೆ. ಹಾಗಿದ್ದರೆ ಇಂಥ ಬದಲಾವಣೆಗೆ ಕಾನೂನು ಅಡ್ಡಬರಲಿಲ್ಲವೇಕೆ? ಉತ್ತರ 1998ರ ಒಂದು ತಿದ್ದುಪಡಿಯಲ್ಲಿದೆ. ಅಮೆರಿಕದ ನೌಕರರನ್ನು ತೆಗೆದು ಅವರ ಜಾಗಕ್ಕೆ ವೀಸಾದವರನ್ನು ತರಬಾರದು ಎಂಬ ನಿರ್ಬಂಧ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಮುಖ್ಯವಾಗಿ ಸಿಬ್ಬಂದಿಯ ದೊಡ್ಡ ಪಾಲು ವೀಸಾದವರೇ ಆಗಿರುವ ಕಂಪನಿಗಳಿಗೆ ಮಾತ್ರ. ಅಂಥ ಕಂಪನಿಯೂ ವೀಸಾದ ನೌಕರನಿಗೆ ವರ್ಷಕ್ಕೆ ಕನಿಷ್ಠ 60,000 ಡಾಲರ್ ಕೊಟ್ಟರೆ, ಅಥವಾ ಆತ ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವೀಧರನಾಗಿದ್ದರೆ, ನಿರ್ಬಂಧದಿಂದ ಪಾರು. ತೊಂಬತ್ತರ ದಶಕದಲ್ಲಿ 60,000 ದೊಡ್ಡ ಸಂಬಳವಾಗಿತ್ತು. ಆ ಮೊತ್ತ ಇಂದಿಗೂ ಬದಲಾಗಿಲ್ಲ. ಬೆಲೆ ಏರಿದಂತೆ ಬೇಲಿ ತಾನಾಗಿಯೇ ತಗ್ಗುತ್ತ ಬಂತು, ಅದನ್ನು ಎತ್ತರಿಸಲು ಸಂಸತ್ತು ಮನಸ್ಸು ಮಾಡಲಿಲ್ಲ.

ಇದೇ ವೀಸಾ ಅದನ್ನು ಹಿಡಿದು ಹೋದವನನ್ನೂ ಕಟ್ಟಿಹಾಕುತ್ತದೆ, ಮತ್ತು ಕನ್ನಡದ ಎಷ್ಟೋ ಮನೆಗಳಿಗೆ ಈ ಸಂಗತಿ ನೇರವಾಗಿ ಗೊತ್ತು. ವೀಸಾ ಉದ್ಯೋಗದಾತನಿಗೆ ಅಂಟಿಕೊಂಡಿದೆ. ಕೆಲಸ ಹೋದರೆ ಹೊಸದು ಹುಡುಕಲು ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ. ಉದ್ಯೋಗ ಆಧಾರಿತ ಹಸಿರು ಕಾರ್ಡಿನಲ್ಲಿ, ಅಂದರೆ ಅಲ್ಲಿ ಕಾಯಂ ನೆಲೆಸಲು ಕೊಡುವ ಪರವಾನಗಿಯಲ್ಲಿ, ಯಾವ ದೇಶದಲ್ಲಿ ಹುಟ್ಟಿದವರಿಗೂ ಸುಮಾರು ಶೇ 7ಕ್ಕಿಂತ ಹೆಚ್ಚಿನ ಪಾಲು ಸಿಗದ ಕಾರಣ ಭಾರತದವರ ಸರತಿ ದಶಕಗಳಷ್ಟು ಉದ್ದವಾಗಿದೆ. ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಮನೆ ಕೊಂಡು, ಸರತಿಯಲ್ಲಿ ನಿಂತವನು ಸಂಬಳ ಕಡಿಮೆಯೆಂದೋ ಕೆಲಸದ ಹೊರೆ ಹೆಚ್ಚೆಂದೋ ದನಿಯೆತ್ತುವುದು ಸುಲಭವಲ್ಲ. ಹೀಗೆ ದನಿಯೆತ್ತಲಾರದ ನೌಕರ ಪಕ್ಕದಲ್ಲಿ ಕೂತಾಗ ಅಮೆರಿಕದ ನೌಕರನ ಚೌಕಾಶಿಯ ಬಲವೂ ಕುಗ್ಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಿರುವಾಗ ಇಬ್ಬರನ್ನೂ ಬಲಹೀನಗೊಳಿಸಿದ ನಿಯಮ ಹಾಗೇ ಉಳಿದಿದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ನೋವಿನ ಭಾಗ.

ಕೆಲಸ ಕಳೆದುಕೊಂಡವರಿಗೆ ಪರಿಹಾರ ಕೊಡುವ ವ್ಯವಸ್ಥೆಯೂ ಅಮೆರಿಕದಲ್ಲಿತ್ತು. ವಿದೇಶಿ ವ್ಯಾಪಾರದಿಂದ ಉದ್ಯೋಗ ಹೋದವರಿಗೆ ತರಬೇತಿಯ ವೆಚ್ಚವನ್ನೂ ಹೆಚ್ಚುವರಿ ಅವಧಿಯ ನಿರುದ್ಯೋಗ ಭತ್ಯೆಯನ್ನೂ ಕೊಡುವ ಯೋಜನೆ 1974ರ ವ್ಯಾಪಾರ ಕಾಯ್ದೆಯಲ್ಲಿ ವಿಸ್ತಾರಗೊಂಡಿತ್ತು. ಆದರೆ ಅದು ಸರಕು ತಯಾರಿಸುವವರಿಗೆ ಮಾತ್ರ. ಉಕ್ಕಿನ ಕಾರ್ಖಾನೆಯವನು ಅರ್ಹ. ಸಾಫ್ಟ್‌ವೇರ್ ಕೈಯಲ್ಲಿ ಹಿಡಿಯುವ ಸರಕಲ್ಲ, ಆದ್ದರಿಂದ ಅದನ್ನು ಬರೆದವನು ಅನರ್ಹ ಎಂದು ಕಾರ್ಮಿಕ ಇಲಾಖೆ ಅರ್ಜಿಗಳನ್ನು ತಿರಸ್ಕರಿಸುತ್ತಿತ್ತು. ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್ನಿನ ಮಾಜಿ ನೌಕರರು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ, 2006ರಲ್ಲಿ ಇಲಾಖೆ ತನ್ನ ನಿಲುವನ್ನು ಬದಲಿಸಿತು. 2009ರಲ್ಲಿ ಕಾನೂನೇ ಸೇವಾ ವಲಯದವರನ್ನು ಒಳಗೊಂಡಿತು. ಅಷ್ಟರಲ್ಲಿ ಮೊದಲ ದೊಡ್ಡ ಅಲೆಯಲ್ಲಿ ಕೆಲಸ ಕಳೆದುಕೊಂಡವರ ಪಾಲಿಗೆ ಕಾಲ ಮೀರಿತ್ತು. ಆ ಯೋಜನೆಯ ಅವಧಿ 2022ರ ಜುಲೈಗೆ ಮುಗಿದು, ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ದೇಶಕ್ಕಾಗುವ ಲಾಭದಲ್ಲಿ ಸ್ವಲ್ಪವನ್ನು ಸೋತವರಿಗೆ ಹಂಚಬಹುದು ಎಂಬ ಊಹೆಯ ಮೇಲೆ ಮ್ಯಾನ್ಕಿವ್ ಅವರ ವಾದದ ನೈತಿಕ ಬಲ ನಿಂತಿದೆ. ಹಂಚುವ ಕೈಯೇ ಇಲ್ಲದಿದ್ದರೆ ಆ ವಾದ ಅರ್ಧ ಮಾತ್ರ ನಿಜ.

ತಡೆಯುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಟೆನೆಸಿ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ವಿದ್ಯುತ್ ಸಂಸ್ಥೆ ತನ್ನ ಸುಮಾರು 200 ಐಟಿ ಹುದ್ದೆಗಳನ್ನು ಹೊರಗುತ್ತಿಗೆಗೆ ಕೊಡಲು ಹೊರಟಾಗ, 2020ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಅದರ ಮಂಡಳಿಯ ಮುಖ್ಯಸ್ಥರನ್ನೇ ಕಿತ್ತುಹಾಕಿದರು, ಯೋಜನೆ ರದ್ದಾಯಿತು. ತೆರಿಗೆ ನಿಯಮದಲ್ಲೂ ಪ್ರಯೋಗ ನಡೆಯಿತು. 2017ರ ಕಾಯ್ದೆಯ ಪ್ರಕಾರ 2022ರಿಂದ ಸಾಫ್ಟ್‌ವೇರ್ ಅಭಿವೃದ್ಧಿಯ ವೆಚ್ಚವನ್ನು ಕಂಪನಿಗಳು ತೆರಿಗೆಯ ಲೆಕ್ಕದಲ್ಲಿ ಆಯಾ ವರ್ಷದ ಆದಾಯದಿಂದ ಪೂರ್ತಿ ಕಳೆಯುವಂತಿರಲಿಲ್ಲ. ದೇಶದೊಳಗಿನ ವೆಚ್ಚವನ್ನು 5 ವರ್ಷಗಳಲ್ಲಿ, ವಿದೇಶದ ವೆಚ್ಚವನ್ನು 15 ವರ್ಷಗಳಲ್ಲಿ ಹರಡಿ ಕಳೆಯಬೇಕಿತ್ತು. ವಿದೇಶಿ ಕೆಲಸ ದುಬಾರಿಯಾದದ್ದು ನಿಜ, ಆದರೆ ಸ್ವದೇಶದ ಎಂಜಿನಿಯರನ ಸಂಬಳವೂ ತೆರಿಗೆ ಲೆಕ್ಕದಲ್ಲಿ ಭಾರವಾಗಿ ಸಣ್ಣ ಕಂಪನಿಗಳು ತತ್ತರಿಸಿದವು. 2025ರ ಜುಲೈನಲ್ಲಿ ದೇಶದೊಳಗಿನ ವೆಚ್ಚಕ್ಕೆ ಹಳೆಯ ಸೌಲಭ್ಯ ಮರಳಿತು, ವಿದೇಶದ 15 ವರ್ಷ ಹಾಗೇ ಉಳಿಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು.

ಈ ಕೊನೆಯ ಕ್ರಮ ಅಮೆರಿಕದಲ್ಲಿ ಕೆಲಸ ಉಳಿಸುತ್ತದೆ ಎಂದು ನಂಬುವುದು ಕಷ್ಟ. ವೀಸಾ ಬಿಗಿಯಾದಾಗ ಬಹುರಾಷ್ಟ್ರೀಯ ಕಂಪನಿಗಳು ಏನು ಮಾಡುತ್ತವೆ ಎಂಬುದನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಬ್ರಿಟಾ ಗ್ಲೆನನ್ ಅಧ್ಯಯನ ಮಾಡಿದ್ದಾರೆ: ಅವು ತಮ್ಮ ವಿದೇಶಿ ಘಟಕಗಳಲ್ಲಿ, ವಿಶೇಷವಾಗಿ ಭಾರತ, ಚೀನಾ, ಕೆನಡಾಗಳಲ್ಲಿ, ನೇಮಕಾತಿ ಹೆಚ್ಚಿಸುತ್ತವೆ. ಆನ್‌ಸೈಟ್ ದುಬಾರಿಯಾದಷ್ಟೂ ಆಫ್‌ಶೋರ್‌ನ ಸೆಳೆತ ಹೆಚ್ಚುತ್ತದೆ.

ಹಾಗೆ ಬಂದ ಕೆಲಸದಿಂದ ಬೆಂಗಳೂರಿಗೆ ಸಿಕ್ಕಿದ್ದೇನು? ಅಲ್ಲಿ ಹೋದ ಹುದ್ದೆಯೇ ಇಲ್ಲಿಗೆ ಇಡಿಯಾಗಿ ಬರಲಿಲ್ಲ. ಅಲ್ಲಿ ಒಬ್ಬ ಹಿರಿಯ ಮಾಡುತ್ತಿದ್ದುದು ಇಲ್ಲಿ ನಾಲ್ಕಾರು ಜನರ ನಡುವೆ ಟಿಕೆಟ್‌ಗಳಾಗಿ, ಅಂದರೆ ಬಿಡಿ ಬಿಡಿ ಸಣ್ಣ ಕೆಲಸಗಳಾಗಿ, ಒಡೆದು ಹಂಚಿಹೋಯಿತು. ತನ್ನ ಮಾಡ್ಯೂಲ್ ಚೆನ್ನಾಗಿ ಗೊತ್ತಿದ್ದೂ, ಗ್ರಾಹಕನ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ತಿಳಿಯದ ಎಂಜಿನಿಯರುಗಳ ಒಂದು ಪೀಳಿಗೆ ಹೀಗೆ ಬೆಳೆಯಿತು. ಕರ್ನಾಟಕದ ಸಣ್ಣ ಊರುಗಳ ಸಾವಿರಾರು ಕುಟುಂಬಗಳ ಬದುಕನ್ನು ಈ ಕೆಲಸ ಎತ್ತಿತು, ಅದರಲ್ಲಿ ಅನುಮಾನವಿಲ್ಲ. ಆದರೆ ದೊಡ್ಡ ಸೇವಾ ಕಂಪನಿಗಳಲ್ಲಿ ಫ್ರೆಶರ್‌ಗಳ ಆರಂಭದ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಳ ಆಸುಪಾಸಿನಲ್ಲೇ ಹತ್ತಕ್ಕೂ ಹೆಚ್ಚು ವರ್ಷ ನಿಂತುಬಿಟ್ಟಿದೆ. ಅಷ್ಟೇ ಕಾಲದಲ್ಲಿ ನಗರದ ಬಾಡಿಗೆ ಎಲ್ಲಿಗೆ ಏರಿತು ಎಂಬುದನ್ನು ಹೇಳಬೇಕಿಲ್ಲ.

ಈಗ ಹೋಗುವ ಕೆಲಸದ ಸ್ವರೂಪವೂ ಬದಲಾಗುತ್ತಿದೆ. ಬಹುರಾಷ್ಟ್ರೀಯ ಕಂಪನಿಗಳು ಮಧ್ಯದ ಗುತ್ತಿಗೆದಾರರನ್ನು ಬಿಟ್ಟು ತಮ್ಮದೇ ಕೇಂದ್ರಗಳನ್ನು, ಅಂದರೆ ಜಿಸಿಸಿಗಳನ್ನು (ಗ್ಲೋಬಲ್ ಕೇಪಬಿಲಿಟಿ ಸೆಂಟರ್), ತೆರೆಯುತ್ತಿವೆ. ಐಟಿ ಉದ್ಯಮದ ಒಕ್ಕೂಟ ನಾಸ್ಕಾಮ್ ಮತ್ತು ಸಲಹಾ ಸಂಸ್ಥೆ ಜಿನ್ನೋವ್ 2024ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳಿದ್ದು ಸುಮಾರು 19 ಲಕ್ಷ ಜನ ದುಡಿಯುತ್ತಿದ್ದರು. ದೇಶದ ಬೇರಾವ ನಗರಕ್ಕಿಂತಲೂ ಹೆಚ್ಚು ಕೇಂದ್ರಗಳು ಬೆಂಗಳೂರಿನಲ್ಲಿವೆ. ಅದೇ ವರ್ಷ ಕರ್ನಾಟಕ ಸರ್ಕಾರ, 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತರುವ ಗುರಿಯ ನೀತಿಯನ್ನೇ ಪ್ರಕಟಿಸಿತು. ಇಲ್ಲಿ ಉತ್ಪನ್ನದ ವಿನ್ಯಾಸವೂ ನಿರ್ಧಾರವೂ ನಡೆಯುತ್ತದೆ. ಹಾಗಾಗಿ ವಿವರಿಸಲು ಆಗದ ಕೆಲಸ ಅಮೆರಿಕದಲ್ಲೇ ಉಳಿಯುತ್ತದೆ ಎಂಬ ಹಳೆಯ ನಿಯಮವನ್ನು ಇನ್ನು ಮುಂದೆ ಅಲ್ಲಿನ ಡೆವಲಪರ್‌ಗಳು ನೆಚ್ಚಿಕೊಳ್ಳುವಂತಿಲ್ಲ. ಇತ್ತ, ಕಾಗದದ ಮೇಲೆ ವಿವರಿಸಬಹುದಾದ ಕೆಲಸವನ್ನು ಯಂತ್ರಕ್ಕೂ ವಿವರಿಸಬಹುದಾದ್ದರಿಂದ, ಬೆಂಗಳೂರಿನ ಟೆಸ್ಟಿಂಗ್ ಮತ್ತು ಸಪೋರ್ಟ್ ತಂಡಗಳೇ ಈಗ ಮೊದಲ ಪೆಟ್ಟಿನ ಎದುರಿಗಿವೆ. ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದಾಗ, ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಶ್ರೇಣಿಯವರೇ ಅದರ ವ್ಯಾಪ್ತಿಯಲ್ಲಿದ್ದರು.

ಅವರಿಗಿರುವ ರಕ್ಷಣೆ ಎಷ್ಟು? ದೀರ್ಘಕಾಲ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯು ಕೆಲಸದಿಂದ ತೆಗೆಯುವ ಮೊದಲು ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ, ಮತ್ತು ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವನ್ನು ವಿಧಿಸಿತ್ತು. ಆದರೆ ಅದು ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಒಳಪಡುವವರಿಗೆ. ಐಟಿ ಕಂಪನಿಯ ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದರೆ ಅಲ್ಲಿಂದಲೇ ವಿವಾದ ಶುರು. ಕೆಲಸದ ಷರತ್ತುಗಳನ್ನು ಕಂಪನಿ ಲಿಖಿತವಾಗಿ ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯದ ಐಟಿ ವಲಯಕ್ಕೆ ಇದ್ದ ವಿನಾಯಿತಿಯನ್ನು ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು, ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘದ ವಿರೋಧದ ನಡುವೆಯೂ. ಇನ್ನೂ ಸಾಮಾನ್ಯವಾದ ದಾರಿಯೆಂದರೆ, ಯಾರನ್ನೂ ತೆಗೆಯದೆ ಎಲ್ಲರಿಂದಲೂ ರಾಜೀನಾಮೆ ಬರೆಸಿಕೊಳ್ಳುವುದು. ಅನುಭವದ ಪ್ರಮಾಣಪತ್ರಕ್ಕೆ ಕಳಂಕ ತಟ್ಟೀತೆಂಬ ಭಯದಿಂದ ಎಚ್‌ಆರ್ ಕೋಣೆಯಲ್ಲೇ ಸಹಿ ಹಾಕಿದವನು ಕಾನೂನಿನ ಕಣ್ಣಿಗೆ ತಾನಾಗಿಯೇ ಕೆಲಸ ಬಿಟ್ಟವನು, ಮತ್ತು ತಾನಾಗಿ ಬಿಟ್ಟವನಿಗೆ ಆ 15 ದಿನಗಳ ಲೆಕ್ಕ ಅನ್ವಯಿಸುವುದಿಲ್ಲ. ಬಲವಂತದಿಂದ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯಲ್ಲ ಎಂದು ಕಾರ್ಮಿಕ ಇಲಾಖೆಯ ಮುಂದೆ ವಾದಿಸಬಹುದು. ಆದರೆ ಬಲವಂತವಾಯಿತು ಎಂಬುದನ್ನು ಸಾಬೀತುಪಡಿಸುವ ಹೊಣೆ ಸಹಿ ಹಾಕಿದವನದೇ ಆಗಿರುವುದರಿಂದ, ಆ ದಿನದ ಇಮೇಲ್‌ಗಳನ್ನೂ ಸಂದೇಶಗಳನ್ನೂ ಆತ ಜೋಪಾನವಾಗಿ ಇಟ್ಟುಕೊಂಡಿರಬೇಕಾಗುತ್ತದೆ.